ವಿರಾಜಪೇಟೆಯಿಂದ ಸ್ವೀಡನ್‌ಗೆ ಬರುವ ತಂಗಿಗೆ

ತಂಗಿ, ಉಪ್ಸಲಾದಲ್ಲಿ ಪಿಎಚ್‌ಡಿ ಸಿಕ್ಕಿದೆ, ನರಗಳ ಹೊದಿಕೆ ಹಾಳಾಗುವ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಇದೆ, ಆರು ತಿಂಗಳಿಗೊಮ್ಮೆ ಗೋಣಿಕೊಪ್ಪ, ಹುಣಸೂರು ದಾಟಿ ಮೈಸೂರಿಗೆ ಹೋಗಿ ರಿಟುಕ್ಸಿಮ್ಯಾಬ್ ಡ್ರಿಪ್ ಹಾಕಿಸಿಕೊಳ್ಳುತ್ತಿದ್ದೇನೆ, ಅಲ್ಲಿ ಇದಕ್ಕಿಂತ ಒಳ್ಳೆ ಔಷಧ ಸಿಗುತ್ತಾ ಅಕ್ಕ ಎಂದು ಕೇಳಿದ್ದೀಯ. ಇಲ್ಲಿ ನಿನಗೆ ಸಿಗುವುದೂ ಅದೇ ರಿಟುಕ್ಸಿಮ್ಯಾಬ್, ಮಾರಾಯ್ತಿ!

ನನಗೂ ಅದೇ ಕಾಯಿಲೆ, ಇಲ್ಲಿ ಬಂದ ಮೇಲೆ ಗೊತ್ತಾಗಿದ್ದು. ನನಗೂ ಅದೇ ಡ್ರಿಪ್. ಸ್ವೀಡನ್‌ನಲ್ಲಿ ಎಂಎಸ್‌ಗೆ ಜಾಸ್ತಿ ಕೊಡುವುದೇ ಅದನ್ನು.

"ಕ್ಯಾನ್ಸರ್ ಔಷಧ ಕೊಟ್ಟು ಅಗ್ಗದಲ್ಲಿ ಮುಗಿಸುತ್ತಿದ್ದಾರೆ" ಎಂದು ನಿನ್ನ ಮಾವ ಹೇಳಿದ್ದು ಅರ್ಧ ನಿಜ. 1997ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು ಲಿಂಫೋಮಾ ಎಂಬ ಕ್ಯಾನ್ಸರ್‌ಗೆ. ಅದು ರಕ್ತದಲ್ಲಿರುವ ಬಿ ಎಂಬ ಬಿಳಿ ಕಣಗಳನ್ನು ಇಲ್ಲವಾಗಿಸುತ್ತದೆ, ನಮ್ಮ ನರಗಳ ಹೊದಿಕೆ ಹಾಳಾಗುವುದರಲ್ಲಿ ಆ ಕಣಗಳ ಕೈವಾಡವೂ ಇದೆ, ಹಾಗಾಗಿ ಎಂಎಸ್‌ಗೂ ಕೊಟ್ಟು ನೋಡಿದರು. 2008ರಲ್ಲಿ ಪ್ರಕಟವಾದ ಸಣ್ಣ ಪರೀಕ್ಷೆಯಲ್ಲಿ ಚೆನ್ನಾಗಿ ಕೆಲಸ ಮಾಡಿತ್ತು. ಆದರೂ ಕಂಪನಿ ಅದನ್ನು ಅಲ್ಲಿಗೇ ಬಿಟ್ಟು ಅದೇ ಬಗೆಯ ಹೊಸ ಔಷಧ ಓಕ್ರೆಲಿಜುಮ್ಯಾಬ್ ಹಿಂದೆ ಹೋಯಿತು. ಪೇಟೆಂಟ್ ಮುಗಿಯುವ ಹಳೆ ಔಷಧಕ್ಕೆ ಯಾರು ದುಡ್ಡು ಹಾಕುತ್ತಾರೆ, ಅಲ್ವಾ? ಕೊನೆಗೆ ಇಲ್ಲಿನ ಡಾಕ್ಟರುಗಳೇ ಸರ್ಕಾರದ ಸಂಶೋಧನಾ ಹಣದಲ್ಲಿ ಪರೀಕ್ಷೆ ನಡೆಸಿದರು. 2022ರಲ್ಲಿ ಫಲಿತಾಂಶ ಬಂತು: ಎರಡು ವರ್ಷದಲ್ಲಿ ರಿಟುಕ್ಸಿಮ್ಯಾಬ್ ತೆಗೆದುಕೊಂಡವರಲ್ಲಿ 3% ಜನರಿಗೆ ಕಾಯಿಲೆ ಮರುಕಳಿಸಿತು, ಎಂಎಸ್‌ಗೇ ಕೊಡುವ ಡೈಮೀಥೈಲ್ ಫ್ಯೂಮರೇಟ್ ಮಾತ್ರೆ ನುಂಗಿದವರಲ್ಲಿ 16% ಜನರಿಗೆ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಗತ್ಯ ಔಷಧಗಳ ಪಟ್ಟಿಗೆ ಇದನ್ನು ಎಂಎಸ್‌ಗಾಗಿ ಸೇರಿಸಿತು. ಅಗ್ಗ ಅಂದ ಮಾತ್ರಕ್ಕೆ ಕಳಪೆ ಅಲ್ಲ ಎಂದು ಮಾವನಿಗೆ ಹೇಳು. ಭಾರತದಲ್ಲಂತೂ 2007ರಿಂದಲೇ ಇದರ ಬಯೋಸಿಮಿಲರ್, ಅಂದರೆ ಬೇರೆ ಕಂಪನಿ ಮಾಡುವ ಇದರಂಥದ್ದೇ ಔಷಧ, ತಯಾರಾಗುತ್ತಿದೆ.

ಹಳೆ ಔಷಧ ಎಲ್ಲವೂ ಹೀಗೆ ಗೆಲ್ಲುವುದಿಲ್ಲ. ನೀನು ವಾಟ್ಸಾಪ್‌ನಲ್ಲಿ ಓದಿದ ಕೊಲೆಸ್ಟ್ರಾಲ್ ಮಾತ್ರೆ ಸಿಮ್ವಾಸ್ಟಾಟಿನ್ ಇದೆಯಲ್ಲ, ಅದನ್ನು ಬ್ರಿಟನ್‌ನಲ್ಲಿ ಎಂಎಸ್ ಇರುವ 964 ಜನರ ಮೇಲೆ ಪರೀಕ್ಷಿಸಿದರು, ಅಂಗವೈಕಲ್ಯ ಹೆಚ್ಚುವುದನ್ನು ಅದು ತಡೆಯಲಿಲ್ಲ. ಸುಮ್ನೆ ನುಂಗಬೇಡ.

ಹೊರಡುವ ಮೊದಲು ಮೈಸೂರಿನಲ್ಲೇ ಒಂದು ಡ್ರಿಪ್ ಮುಗಿಸಿಕೊಂಡು ಬಾ. ಇಲ್ಲಿನ ಆಧಾರ್ ಅನ್ನಬಹುದಾದ ಪರ್ಸನ್ ನಂಬರ್ ಕೈಗೆ ಬಂದು, ನರರೋಗ ವಿಭಾಗದಲ್ಲಿ ಸರದಿ ಸಿಗುವಷ್ಟರಲ್ಲಿ ಸಮಯ ಹೋಗುತ್ತದೆ, ಅಷ್ಟರವರೆಗೆ ಆ ಡ್ರಿಪ್ ಆರು ತಿಂಗಳು ನಿನ್ನನ್ನು ಕಾಪಾಡುತ್ತದೆ. ಎಂಆರ್‌ಐ ಸಿಡಿ, ಹೆಪಟೈಟಿಸ್ ಬಿ ರಿಪೋರ್ಟ್, ಡ್ರಿಪ್ ಹಾಕಿದ ತಾರೀಖುಗಳ ಪಟ್ಟಿ ಕೈಚೀಲದಲ್ಲೇ ಇರಲಿ. ಲಸಿಕೆ ಬಾಕಿ ಇದ್ದರೆ ಡ್ರಿಪ್‌ಗೆ ಎಷ್ಟು ಮೊದಲು ಹಾಕಿಸಬೇಕು ಎಂದು ಡಾಕ್ಟರನ್ನು ಈಗಲೇ ಕೇಳು, ಆಮೇಲೆ ಹಾಕಿಸಿದರೆ ಸರಿಯಾಗಿ ಹತ್ತುವುದಿಲ್ಲ.

ಚಳಿಗೆ ಹೆದರಬೇಡ, ನಮ್ಮ ಕಾಯಿಲೆಗೆ ಸೆಕೆಯೇ ಆಗಿಬರುವುದಿಲ್ಲ. ಲ್ಯಾಬಿನವರು ಸೌನಾಗೆ, ಅಂದರೆ ಬಿಸಿ ಕೋಣೆಯಲ್ಲಿ ಬೆವರಲು, ಕರೆದೇ ಕರೆಯುತ್ತಾರೆ. ಬರಲ್ಲ ಎಂದು ನೇರವಾಗಿ ಹೇಳು, ಇಲ್ಲಿ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.