ಉಂಡ ಮೇಲಿನ ಅರ್ಧ ಕಪ್ ಚಾ

ಮೈಸೂರು ಕಡೆಯಿಂದ ನಮ್ಮ ಕಲಬುರಗಿಗೆ ಬಂದಿರುವ ನಿಮ್ಮ ಪತ್ರ ಓದಿದೆ. ನಿಮ್ಮ ಹಿಮೋಗ್ಲೋಬಿನ್ 9.2. ಮೆಟ್ಟಿಲು ಹತ್ತಿದರೆ ಏದುಸಿರು, ಕೂದಲು ಉದುರುತ್ತೆ, ಮಧ್ಯಾಹ್ನ ಮೂರಕ್ಕೆಲ್ಲ ಕಣ್ಣು ಎಳೆಯುತ್ತೆ. ಬೀಟ್‌ರೂಟ್ ಪೌಡರ್ ತಗೊಳ್ಳಲಾ, ಚಿಯಾ ಬೀಜ ತಗೊಳ್ಳಲಾ, ಕಲಬುರಗಿಯ ಒಣ ರೊಟ್ಟಿ ಊಟ ಬಿಟ್ಟು ಓಟ್ಸ್ ಶುರು ಮಾಡಲಾ ಅಂತ ಕೇಳಿದ್ದೀರಿ. ಮೊದಲು ನಗು ಬಂತು, ಆಮೇಲೆ ಸಂಕಟ ಆಯ್ತು. 2017ರಲ್ಲಿ ನಾನೂ ಇದನ್ನೇ ಕೇಳಿಕೊಂಡು ತಿರುಗುತ್ತಿದ್ದೆ. ನನ್ನದು 8.6 ಇತ್ತು.

ನಾನು ಇದೇ ಊರಲ್ಲಿ ಒಂದು ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಆಗ ವಯಸ್ಸು 34. ಸಂಜೆ ಮನೆಗೆ ಬಂದರೆ ಚಪ್ಪಲಿ ಬಿಡುವುದಕ್ಕೂ ಕೂತುಕೊಳ್ಳಬೇಕಿತ್ತು. ಬಿಸಿಲಿನ ಸುಸ್ತು ಅಂತ ಅಂದುಕೊಂಡೆ. ನಮ್ಮ ಊರಲ್ಲಿ ಏಪ್ರಿಲ್ ಮೇ ಅಂದರೆ 42, 43 ಡಿಗ್ರಿ, ಯಾವ ಸುಸ್ತನ್ನಾದರೂ ಬಿಸಿಲಿನ ಲೆಕ್ಕಕ್ಕೆ ಬರೆದುಬಿಡಬಹುದು. ಆದರೆ ಚಳಿಗಾಲದಲ್ಲೂ ಸುಸ್ತು ಹೋಗಲಿಲ್ಲ. ಇನ್ನೊಂದು ವಿಷಯ, ಹೇಳೋಕೆ ನಾಚಿಕೆ. ಮಗನ ಕಂಪಾಸ್ ಬಾಕ್ಸಿನಿಂದ ಬಳಪ ಕದ್ದು ತಿನ್ನುತ್ತಿದ್ದೆ. ದಿನಕ್ಕೆ ಎರಡು ಮೂರು. ಅವನು ಶಾಲೆಯಲ್ಲಿ ಬೈಸಿಕೊಂಡು ಬಂದು ಅಳುತ್ತಿದ್ದ, ನಾನು ಸುಮ್ನೆ ಇರುತ್ತಿದ್ದೆ. ಬಳಪ, ಮಣ್ಣು, ಹಸಿ ಅಕ್ಕಿ ತಿನ್ನಬೇಕು ಅನ್ನಿಸುವುದು ಎಷ್ಟೋ ಸಲ ಕಬ್ಬಿಣದ ಕೊರತೆಯ ಲಕ್ಷಣ ಅಂತ ಆಮೇಲೆ ಗೊತ್ತಾಯ್ತು. ನಿಮಗೂ ಅಂಥದ್ದೇನಾದರೂ ಇದ್ದರೆ ಮುಚ್ಚಿಡಬೇಡಿ, ಡಾಕ್ಟರಿಗೆ ಹೇಳಿ.

ರಕ್ತ ಪರೀಕ್ಷೆ ಆಯ್ತು, ಕಬ್ಬಿಣದ ಮಾತ್ರೆ ಬರೆದುಕೊಟ್ಟರು, ಜೊತೆಗೆ ಕ್ಯಾಲ್ಸಿಯಂ ಮಾತ್ರೆ. ಐದು ತಿಂಗಳು ಒಂದು ದಿನವೂ ತಪ್ಪದೆ ನುಂಗಿದೆ. ಲೆಕ್ಕದ ಹೆಂಗಸು ನಾನು, ಕ್ಯಾಲೆಂಡರಿನಲ್ಲಿ ಟಿಕ್ ಹಾಕುತ್ತಿದ್ದೆ. ಮತ್ತೆ ಪರೀಕ್ಷೆ ಮಾಡಿಸಿದರೆ 8.7.

ಐದು ತಿಂಗಳಿಗೆ ಪಾಯಿಂಟ್ ಒಂದು!

ಆಗ ನಾನೂ ಪೌಡರಿಗೆ ಹೋದೆ. ಮೂರು ಡಬ್ಬಿ ಬೀಟ್‌ರೂಟ್ ಪುಡಿ ಮುಗಿಸಿದೆ. ನಾಲಿಗೆ ಕೆಂಪಾಯ್ತು, ರಕ್ತ ಆಗಲಿಲ್ಲ. 100 ಗ್ರಾಂ ಬೀಟ್‌ರೂಟ್ ಗಡ್ಡೆಯಲ್ಲಿ ಒಂದು ಮಿಲಿಗ್ರಾಂ ಕಬ್ಬಿಣ ಕೂಡ ಇಲ್ಲ. ನಮ್ಮ ಜೋಳದಲ್ಲಿ ಅದರ ನಾಲ್ಕು ಪಟ್ಟು ಇದೆ, ಸಜ್ಜೆಯಲ್ಲಿ ಇನ್ನೂ ಜಾಸ್ತಿ. ಬಣ್ಣ ನೋಡಿ ಮೋಸ ಹೋದೆ ಅಷ್ಟೇ. ಈ ಭಾಗ ಇಲ್ಲಿಗೆ ಸಾಕು.

ಈಗ ಐದು ತಿಂಗಳು ನುಂಗಿದ ಮಾತ್ರೆ ಯಾಕೆ ಹಿಡಿಯಲಿಲ್ಲ ಅನ್ನುವುದಕ್ಕೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಮಿಲ್ಲಿನಲ್ಲಿ ಮಧ್ಯಾಹ್ನ ಒಂದೂವರೆಗೆ ಡಬ್ಬಿ ಬಿಚ್ಚುತ್ತಿದ್ದೆವು. ಎರಡು ರೊಟ್ಟಿ, ಒಂದು ಪಲ್ಯ, ಬೇಳೆ, ಶೇಂಗಾ ಹಿಂಡಿ (ಚಟ್ನಿಪುಡಿ). ಊಟ ಮುಗಿಯುವ ಹೊತ್ತಿಗೆ ಸರಿಯಾಗಿ ಎದುರಿನ ಹೋಟೆಲಿನ ಹುಡುಗ ಕೆಟಲ್ ಹಿಡಿದು ಬರುತ್ತಿದ್ದ. ಕೈ ತೊಳೆದು ಬಂದರೆ ಮೇಜಿನ ಮೇಲೆ ಅರ್ಧ ಕಪ್ ಚಾ ರೆಡಿ. ದಪ್ಪ ಹಾಲು, ಕಡು ಡಿಕಾಕ್ಷನ್, ಸಕ್ಕರೆ ಜೋರು. ಆ ಚಾ ಜೊತೆಗೇ ನಾನು ಕಬ್ಬಿಣದ ಮಾತ್ರೆ ನುಂಗುತ್ತಿದ್ದೆ. ಯಾಕೆ ಅಂದರೆ ಬರೀ ನೀರಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತಿತ್ತು, ಚಾ ಬಾಯಿ ರುಚಿ ಸರಿ ಮಾಡುತ್ತಿತ್ತು. ಅದರ ಹಿಂದೆಯೇ ಕ್ಯಾಲ್ಸಿಯಂ ಮಾತ್ರೆ. ಎರಡೂ ಒಂದೇ ಗುಟುಕಿನಲ್ಲಿ ಮುಗಿದರೆ ಮರೆಯುವ ಭಯ ಇಲ್ಲ ನೋಡಿ!

ಮೂರು ತಪ್ಪು ಒಂದೇ ಲೋಟದಲ್ಲಿ. ಚಾದಲ್ಲಿ ಒಗರು ಇರುತ್ತಲ್ಲ, ಅದೇ ಟ್ಯಾನಿನ್. ಅದು ಹೊಟ್ಟೆಯಲ್ಲಿ ಕಬ್ಬಿಣವನ್ನು ಹಿಡಿದು ಕಟ್ಟಿಹಾಕುತ್ತೆ. ಕಟ್ಟಿದ ಕಬ್ಬಿಣ ರಕ್ತಕ್ಕೆ ಸೇರಲ್ಲ, ಸುಮ್ನೆ ಹೊರಗೆ ಹೋಗುತ್ತೆ. ಕಾಳು, ಸೊಪ್ಪು, ರೊಟ್ಟಿಯಿಂದ ಬರುವ ಕಬ್ಬಿಣ ಮೊದಲೇ ಕಷ್ಟಪಟ್ಟು ಒಳಗೆ ಹೋಗುವಂಥದ್ದು. ಊಟದ ಜೊತೆ ಚಾ ಬಿದ್ದರೆ ಅದರಲ್ಲಿ ಅರ್ಧಕ್ಕೂ ಹೆಚ್ಚು ಕಳೆದುಹೋಗಬಹುದು. ಕ್ಯಾಲ್ಸಿಯಂ ಕೂಡ ಕಬ್ಬಿಣಕ್ಕೆ ಅಡ್ಡ ನಿಲ್ಲುತ್ತೆ, ಹಾಲಿನದ್ದಾಗಲಿ ಮಾತ್ರೆಯದ್ದಾಗಲಿ. ಅಂದರೆ ನಾನು ಬಾಗಿಲು ಮುಚ್ಚಿ, ಚಿಲಕ ಹಾಕಿ, ಮೇಲೆ ಬೀಗವನ್ನೂ ಜಡಿದು, ಆಮೇಲೆ ಮನೆಗೆ ಯಾರೂ ಬರಲ್ಲ ಅಂತ ಗೋಳಾಡುತ್ತಿದ್ದೆ. ದಿನಕ್ಕೊಂದು ಮಾತ್ರೆ, ನೂರೈವತ್ತು ದಿನ. ಡಬ್ಬಿಯಲ್ಲಿ ರೊಟ್ಟಿ ಇತ್ತು, ಬೇಳೆ ಇತ್ತು, ಸೊಪ್ಪೂ ಇತ್ತು. ಊಟದಲ್ಲಿ ಏನೂ ಕೊರತೆ ಇರಲಿಲ್ಲ ಕಣ್ರೀ. ಆ ಹೊತ್ತಿನ ಅರ್ಧ ಕಪ್ ಚಾ ಎಲ್ಲವನ್ನೂ ತೊಳೆದುಬಿಡುತ್ತಿತ್ತು.

ಇದನ್ನು ಕಂಡುಹಿಡಿದಿದ್ದು ಡಾಕ್ಟರ್ ಅಲ್ಲ. ಮೂರನೇ ಸಲ ರಕ್ತ ಕೊಡೋಕೆ ಹೋದಾಗ ಸೂಜಿ ಚುಚ್ಚುವ ಹೆಂಗಸು ನನ್ನ ಹಳೆ ರಿಪೋರ್ಟ್ ನೋಡಿ, "ಗುಳಿಗಿ ಯಾವಾಗ ತಗೋತೀರಿ ಅಕ್ಕೋರ?" ಅಂತ ಕೇಳಿದಳು. "ಉಂಡ ಮ್ಯಾಲ, ಚಾದ ಜೋಡಿ" ಅಂದೆ. ಅವಳು ಹಣೆ ಚಚ್ಚಿಕೊಂಡು ನಕ್ಕಳು. "ಚಾದಾಗ ಹಾಕಿದ್ರ ಗಟಾರದಾಗ ಹಾಕಿದಂಗ ಆತು ನೋಡ್ರಿ." ಐದು ತಿಂಗಳು ಯಾರೂ ಕೇಳದ ಪ್ರಶ್ನೆ ಅದು. ಏನು ತಿನ್ನುತ್ತೀರಿ ಅಂತ ಎಲ್ಲರೂ ಕೇಳಿದ್ದರು, ಯಾವಾಗ ಅಂತ ಯಾರೂ ಕೇಳಿರಲಿಲ್ಲ.

ಅವತ್ತಿನಿಂದ ಬದಲಾಯಿಸಿದ್ದು ಇಷ್ಟೇ. ಚಾ ಬಿಡಲಿಲ್ಲ. ಕಲಬುರಗಿಯವಳಿಗೆ ಚಾ ಬಿಡು ಅನ್ನೋದು ಆಗುವ ಮಾತಲ್ಲ. ಹುಡುಗನಿಗೆ ಮೂರು ಗಂಟೆಗೆ ಬಾ ಅಂದೆ. ಊಟಕ್ಕೆ ಒಂದು ಗಂಟೆ ಮೊದಲು, ಊಟ ಆದ ಮೇಲೆ ಒಂದು ಗಂಟೆ ಚಾ ಕಾಫಿ ಇಲ್ಲ. ಮುಂದೆ 2024ರಲ್ಲಿ ಐಸಿಎಂಆರ್‌ನವರ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಆಹಾರ ಸಲಹೆಯಲ್ಲೂ ಇದೇ ಮಾತು ಬಂತು. ಕಬ್ಬಿಣದ ಮಾತ್ರೆ ಬೆಳಿಗ್ಗೆ ಹನ್ನೊಂದಕ್ಕೆ, ನಿಂಬೆಹಣ್ಣು ಹಿಂಡಿದ ನೀರಿನಲ್ಲಿ. ಡಾಕ್ಟರಿಗೆ ಹೇಳಿ ಕ್ಯಾಲ್ಸಿಯಂ ಮಾತ್ರೆಯನ್ನು ರಾತ್ರಿಗೆ ದೂಡಿದೆ. ಮೊದಲ ವಾರ ಹೊಟ್ಟೆ ತೊಳಸಿತು, ಆಮೇಲೆ ಒಗ್ಗಿತು. ಒಗ್ಗದಿದ್ದರೆ ಊಟದ ಜೊತೆ ತಗೊಳ್ಳಿ, ಆದರೆ ಚಾ ಹಾಲು ಬೇಡ. ಮಲ ಕಪ್ಪಗಾಗುತ್ತೆ, ಹೆದರಬೇಡಿ, ಅದು ಮಾತ್ರೆಯ ಬಣ್ಣ.

ಎರಡು ತಿಂಗಳಿಗೆ 10.4. ನಾಲ್ಕು ತಿಂಗಳಿಗೆ 12.1. ಹೆಂಗಸರಿಗೆ 12 ದಾಟಿದರೆ ಸರಿ ಅಂತ ಲೆಕ್ಕ. ಅಲ್ಲಿಗೆ ನಿಲ್ಲಿಸಬೇಡಿ ಅಂತ ಡಾಕ್ಟರ್ ಇನ್ನೂ ಮೂರು ತಿಂಗಳು ಮಾತ್ರೆ ಮುಂದುವರಿಸಿದರು. ರಕ್ತ ತುಂಬಿದ ಮೇಲೆ ಒಳಗಿನ ಉಗ್ರಾಣ ತುಂಬಬೇಕಂತೆ. ಬಳಪ ಯಾವಾಗ ಬಿಟ್ಟೆ ಅಂತ ನನಗೇ ನೆನಪಿಲ್ಲ. ಒಂದು ದಿನ ಮಗನ ಡಬ್ಬಿ ತೆಗೆದೆ, ಬಳಪದ ವಾಸನೆಗೆ ಏನೂ ಅನ್ನಿಸಲಿಲ್ಲ.

ನ್ಯಾಯವಾಗಿ ಹೇಳಬೇಕು, ಚಾ ಒಂದೇ ಕಾರಣ ಅಲ್ಲ. ನನಗೆ ತಿಂಗಳ ಮುಟ್ಟು ಏಳೆಂಟು ದಿನ ಹೋಗುತ್ತಿತ್ತು. ಎಲ್ಲ ಹೆಂಗಸರಿಗೂ ಹೀಗೇ ಅಂದುಕೊಂಡಿದ್ದೆ. ಹಾಗಲ್ಲ. ಅದಕ್ಕೂ ಔಷಧ ಆಯ್ತು. ನೀವೂ ಈ ಪ್ರಶ್ನೆಯನ್ನು ಮೊದಲು ಡಾಕ್ಟರ್ ಮುಂದೆ ಇಡಿ. ಜಂತುಹುಳು, ಬಿ12 ಕೊರತೆ, ಒಳಗೆಲ್ಲಾದರೂ ರಕ್ತ ಹೋಗುತ್ತಿರುವುದು, ಹೀಗೆ ಕಾರಣ ಹಲವು. 9.2 ಅಂದರೆ ಅಡುಗೆಮನೆಯಲ್ಲಿ ಕೂತು ಬಗೆಹರಿಸುವ ಸಂಖ್ಯೆ ಅಲ್ಲ. ಊಟ ಮಾತ್ರೆಗೆ ಜೊತೆಗಾರ, ಮಾತ್ರೆಗೆ ಬದಲಿ ಅಲ್ಲ.

ಇನ್ನು "ಒಣ ರೊಟ್ಟಿಯಲ್ಲಿ ಸತ್ವ ಇಲ್ಲ" ಅಂತ ಬರೆದಿದ್ದೀರಿ. ಮೈಸೂರು ಕಡೆಯವರು ಅಂತ ಕ್ಷಮಿಸಿದೆ! ನೀವು ಅಲ್ಲಿ ತಿನ್ನುತ್ತಿದ್ದ ಬಿಳಿ ಅನ್ನಕ್ಕಿಂತ ಜೋಳದಲ್ಲಿ ನಾರು ಮೂರು ಪಟ್ಟು ಜಾಸ್ತಿ, ಕಬ್ಬಿಣವೂ ಜಾಸ್ತಿ. (ರಾಗಿ ಮುದ್ದೆಯ ಸುದ್ದಿಗೆ ನಾನು ಬರಲ್ಲ, ಕ್ಯಾಲ್ಸಿಯಂನಲ್ಲಿ ಅದರ ಮುಂದೆ ಯಾವ ಧಾನ್ಯವೂ ನಿಲ್ಲಲ್ಲ.) ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಈ ನೆಲದ್ದೇ ವಿಶೇಷ ಅನ್ನುವ ಸರ್ಕಾರಿ ಗುರುತು) ಸಿಕ್ಕಿದೆ. ಬೇಳೆಯ ತೂಕದಲ್ಲಿ ಐದನೇ ಒಂದು ಪಾಲು ಪ್ರೋಟೀನ್. ಅದನ್ನು ಬಿಟ್ಟು ಡಬ್ಬಿ ಪ್ರೋಟೀನ್ ಯಾಕೆ? ನಮ್ಮ ಮಿಲ್ಲಿನಲ್ಲಿ ಒಂದು ಮಾತು ಇತ್ತು, ಚುನ್ನಿ (ಬೇಳೆ ಒಡೆದಾಗ ಉಳಿಯುವ ಹೊಟ್ಟು, ನುಚ್ಚು) ದನಕ್ಕೆ, ಬೇಳೆ ಲಾರಿಗೆ, ನಮಗೆ ಚಾ. ತಮಾಷೆಗೆ ಹೇಳುತ್ತಿದ್ದೆವು, ನನ್ನ ಮಟ್ಟಿಗೆ ಅದೇ ನಡೆದಿತ್ತು.

ರೊಟ್ಟಿಗೂ ಒಂದು ದೋಷ ಇದೆ, ಮುಚ್ಚಿಡಲ್ಲ. ಧಾನ್ಯ, ಕಾಳುಗಳಲ್ಲಿ ಫೈಟೇಟ್ ಅಂತ ಇರುತ್ತೆ, ಅದೂ ಕಬ್ಬಿಣವನ್ನು ಹಿಡಿದುಕೊಳ್ಳುತ್ತೆ. ಅದಕ್ಕೆ ಮದ್ದು ನಮ್ಮ ತಟ್ಟೆಯಲ್ಲೇ ಇದೆ, ನಾವು ರುಚಿಗೆ ಅಂದುಕೊಂಡಿದ್ದೇವೆ. ಮಡಿಕೆ ಕಾಳು ನೆನೆಸಿ ಮೊಳಕೆ ಬರಿಸಿದರೆ ಫೈಟೇಟ್ ಕಡಿಮೆಯಾಗುತ್ತೆ. ಅದರ ಮೇಲೆ ಹಸಿ ಉಳ್ಳಾಗಡ್ಡಿ, ನಿಂಬೆಹಣ್ಣು ಹಿಂಡಿದರೆ ಹುಳಿಯಲ್ಲಿರುವ ಸಿ ವಿಟಮಿನ್ ಕಬ್ಬಿಣವನ್ನು ಒಳಗೆ ಕರೆದುಕೊಂಡು ಹೋಗುತ್ತೆ. ಒಲೆಯ ಮೇಲಿದ್ದಾಗ ಹಿಂಡಬೇಡಿ, ಬಿಸಿಗೆ ಸಿ ವಿಟಮಿನ್ ಹಾಳಾಗುತ್ತೆ. ತಟ್ಟೆಗೆ ಬಡಿಸಿದ ಮೇಲೆ ಹಿಂಡಿ. ಪೇರಲಹಣ್ಣು ಸಿಗುವ ಕಾಲದಲ್ಲಿ ಊಟದ ಜೊತೆ ಅರ್ಧ ಪೇರಲ ತಿನ್ನಿ, ಕಿತ್ತಳೆಗಿಂತ ಸಿ ವಿಟಮಿನ್ ಅದರಲ್ಲೇ ಜಾಸ್ತಿ, ರೇಟೂ ಕಡಿಮೆ. ಪುಂಡಿ ಅನ್ನುವ ಹುಳಿ ಸೊಪ್ಪಿನ ಪಲ್ಯವನ್ನು ನಮ್ಮ ಅತ್ತೆ ಕಬ್ಬಿಣದ ಬಾಣಲೆಯಲ್ಲೇ ಮಾಡುತ್ತಾರೆ. ಹುಳಿ ಪದಾರ್ಥ ಕಬ್ಬಿಣದ ಪಾತ್ರೆಯಲ್ಲಿ ಬೆಂದರೆ ಸ್ವಲ್ಪ ಕಬ್ಬಿಣ ಪಲ್ಯಕ್ಕೂ ಇಳಿಯುತ್ತೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಕಪ್ಪಗಾಗುತ್ತೆ ಅಂತ ನಾನ್‌ಸ್ಟಿಕ್ ತಂದಿದ್ದೆ. ಅತ್ತೆ ಏನೂ ಅನ್ನಲಿಲ್ಲ, ತಮ್ಮ ಬಾಣಲೆ ಎತ್ತಿಟ್ಟರು. ಈಗ ಇಳಿಸಿಕೊಂಡಿದ್ದೇನೆ.

ಎಳ್ಳ ಅಮಾವಾಸ್ಯೆಗೆ ಯಾರಾದರೂ ಹೊಲಕ್ಕೆ ಊಟಕ್ಕೆ ಕರೆದರೆ ತಪ್ಪಿಸಬೇಡಿ. ಸಜ್ಜೆ ರೊಟ್ಟಿ ಮೇಲೆ ಎಳ್ಳು, ಹಸಿ ಕಾಳು, ಹತ್ತೆಂಟು ಸೊಪ್ಪು ಹಾಕಿದ ಭಜ್ಜಿ. ಯಾವ ಡಬ್ಬಿಯ ಮೇಲಿನ ಪಟ್ಟಿಯೂ ಇದಕ್ಕೆ ಸಮ ಅಲ್ಲ. ಗುರೆಳ್ಳು ಹಿಂಡಿ ಮನೆಯಲ್ಲಿಡಿ. ಮಾಂಸ ತಿನ್ನುವವರಾದರೆ ನಿಮ್ಮ ಕೆಲಸ ಇನ್ನೂ ಸುಲಭ, ಮಟನ್‌ನ ಕಬ್ಬಿಣ ದೇಹಕ್ಕೆ ಬೇಗ ಹಿಡಿಯುತ್ತೆ. ನಮ್ಮ ಮನೆಯಲ್ಲಿ ತಿನ್ನಲ್ಲ, ಅದಕ್ಕೆ ನಿಂಬೆಹಣ್ಣಿಗೆ ಇಷ್ಟು ಜೋತುಬಿದ್ದಿದ್ದೇನೆ. ಬೆಲ್ಲದಿಂದ ರಕ್ತ ಆಗುತ್ತೆ ಅನ್ನುವವರ ಮಾತು ನಂಬಬೇಡಿ. ಸಾಕಾಗುವಷ್ಟು ಕಬ್ಬಿಣ ಬೆಲ್ಲದಿಂದಲೇ ಬರಬೇಕಾದರೆ ಸಕ್ಕರೆ ಕಾಯಿಲೆ ಮೊದಲು ಬರುತ್ತೆ.

ಓಟ್ಸ್, ಚಿಯಾ ಕೆಟ್ಟದ್ದೇನಲ್ಲ. ದುಡ್ಡು ಜಾಸ್ತಿ ಇದ್ದರೆ ತಿನ್ನಿ. ಓಟ್ಸ್ ತಿಂದು ಹಿಂದೆಯೇ ಚಾ ಕುಡಿದರೆ ಮತ್ತೆ ನನ್ನ ಕಥೆಯೇ. ವಾಕಿಂಗ್ ಬಗ್ಗೆಯೂ ಕೇಳಿದ್ದೀರಿ. ಹಿಮೋಗ್ಲೋಬಿನ್ 10 ದಾಟುವವರೆಗೆ ನಾನು ನಿಧಾನವಾಗಿಯೇ ನಡೆದೆ. ಆಮೇಲೆ ಬೆಳಿಗ್ಗೆ ಐದೂವರೆಗೆ ನಮ್ಮ ಊರಿನ 'ಅಪ್ಪನ ಕೆರೆ' ಹತ್ತಿರ ಹೋಗತೊಡಗಿದೆ. ಬೇಸಿಗೆಯಲ್ಲಿ ಏಳರ ಮೇಲೆ ಹೋಗಬೇಡಿ, ತಲೆ ಸುತ್ತಿ ಬೀಳುತ್ತೀರಿ.

ಪುಂಡಿ ಸೊಪ್ಪು ಎಲ್ಲಿ ಸಿಗುತ್ತೆ ಅಂತ ಕೊನೆಗೆ ಒಂದು ಸಾಲು ಕೇಳಿದ್ದೀರಲ್ಲ. ಕಣ್ಣಿ ಮಾರ್ಕೆಟ್‌ಗೆ ಬೆಳಿಗ್ಗೆ ಬೇಗ ಹೋಗಿ. ಹಳ್ಳಿಯಿಂದ ಬಂದು ನೆಲದ ಮೇಲೆ ಸೊಪ್ಪು ಹರಡಿಕೊಂಡು ಕೂತಿರುವ ಹೆಂಗಸರ ಹತ್ತಿರ ತಗೊಳ್ಳಿ. "ಹೆಂಗ ಮಾಡೂದು" ಅಂತ ಕೇಳಿ, ಜೋಳದ ನುಚ್ಚು ಎಷ್ಟು ಹಾಕಬೇಕು, ಬಳ್ಳೊಳ್ಳಿ ಒಗ್ಗರಣೆ ಯಾವಾಗ ಅಂತ ಎಲ್ಲ ಹೇಳಿಕೊಡುತ್ತಾರೆ. ಮಾತು ಉದ್ದ ಆದರೆ ಚಾ ತರಿಸುತ್ತಾರೆ. ಅಷ್ಟು ಹೊತ್ತಿಗೆ ನಾಷ್ಟಾ ಆಗಿರಲ್ಲ ಅಲ್ವಾ, ಕುಡಿಯಿರಿ. ನಾಷ್ಟಾ ಮಾತ್ರ ಒಂದು ಗಂಟೆ ಬಿಟ್ಟು.