ನಿಮ್ಮ ಇಂಕಾ ದೊರೆಗೆ ಕುದುರೆ ಕೊಟ್ಟವರು ಯಾರು?

ನಮಸ್ಕಾರ.

ನೀವು ಕಳಿಸಿದ ‘ತೋಪಾ ಇಂಕಾನ ದಿಗ್ವಿಜಯ’ ಓದಿದೆ. ಅಕ್ಷರ ದುಂಡಗಿದೆ, ಕಾಗುಣಿತದ ತಪ್ಪಿಲ್ಲ, ವಿಷಯ ನಮ್ಮ ಓದುಗರಿಗೆ ಹೊಸದು. ಇನ್ನು ನನಗೆ ಸಿಟ್ಟು ಬಂದ ಜಾಗಕ್ಕೆ ಬರುತ್ತೇನೆ.

ಎರಡನೇ ಪುಟದ ಮೊದಲ ಸಾಲು: “ಕುದುರೆಗಳ ಗೊರಸಿನಿಂದೆದ್ದ ಧೂಳು ಆಂಡಿಸ್ ಬೆಟ್ಟಗಳನ್ನೇ ಮುಚ್ಚಿತು.”

ಯಾವ ಕುದುರೆ ಸ್ವಾಮಿ? ಇಂಕಾಗಳು ಆಳಿದ ದಕ್ಷಿಣ ಅಮೆರಿಕದಲ್ಲಿ ಕುದುರೆಯ ಕುಲವೇ ಅಳಿದು ಸಾವಿರಾರು ವರ್ಷ ಆಗಿತ್ತು. ತೋಪಾ ಇಂಕಾ ಯುಪಾಂಕಿ ಸತ್ತದ್ದು 1493ರ ಸುಮಾರಿಗೆ ಅನ್ನುತ್ತಾರೆ. ಅದೇ ವರ್ಷ ಕೊಲಂಬಸ್ ಎರಡನೇ ಸಲ ಹೊರಟಾಗ ಹಡಗಿಗೆ ಕುದುರೆ ಹತ್ತಿಸಿಕೊಂಡ. ಅವು ಇಳಿದದ್ದೂ ಕೆರಿಬಿಯನ್ ದ್ವೀಪದಲ್ಲಿ, ಪೆರುವಿನಲ್ಲಲ್ಲ. ನಿಮ್ಮ ದೊರೆ ಕುದುರೆಯ ಕೆನೆತ ಕೇಳದೇ ಸತ್ತ. ಅಲ್ಲಿ ಹೇರು ಹೊತ್ತದ್ದು ಲಾಮಾ, ಒಂಟೆಯ ಕುಲದ ಒಂದು ಸಣ್ಣ ಪ್ರಾಣಿ. ಅದರ ಬೆನ್ನ ಮೇಲೆ ಒಂದು 25-30 ಕಿಲೋ ಹೇರಬಹುದು. ಜಾಸ್ತಿಯಾದರೆ ಕೂತುಬಿಡುತ್ತದೆ, ಏಳುವುದಿಲ್ಲ. ಸವಾರಿಯ ಮಾತಂತೂ ಇಲ್ಲವೇ ಇಲ್ಲ. ಉಳಿದದ್ದೆಲ್ಲ ಮನುಷ್ಯರ ಬೆನ್ನು. ದೊರೆಯೂ ಪಲ್ಲಕ್ಕಿಯಲ್ಲೇ ಹೋಗುತ್ತಿದ್ದ. ಕುದುರೆಯಿಲ್ಲ, ಬಂಡಿಯಿಲ್ಲ, ಹಾಗಾಗಿ ಬೆಟ್ಟ ಕಡಿದಾದ ಕಡೆ ರಸ್ತೆಯೇ ಮೆಟ್ಟಿಲಾಗುತ್ತಿತ್ತು. ಸೈನ್ಯ ಆ ಮೆಟ್ಟಿಲು ಹತ್ತುವುದನ್ನು ಬರೆಯಿರಿ. ಏದುಸಿರು ನನಗೆ ಕೇಳಿಸಬೇಕು.

ಅದರ ಕೆಳಗೇ: “ಜೋಳದ ರೊಟ್ಟಿಯ ಬುತ್ತಿ ಕಟ್ಟಿಕೊಂಡ ಯೋಧರು.” ಇಂಗ್ಲಿಷ್ ಪುಸ್ತಕದಲ್ಲಿ ‘ಕಾರ್ನ್’ ಅಂತ ಓದಿ ಜೋಳ ಅಂದುಬಿಟ್ಟಿರಿ, ಅಲ್ವಾ? ಅದು ಮೆಕ್ಕೆಜೋಳ. ನಮ್ಮ ಬಿಳಿಜೋಳದ ತವರು ಆಫ್ರಿಕಾ, ಆಂಡಿಸ್ ಅಲ್ಲ. ಆ ಸೈನಿಕನ ಬುತ್ತಿಗೆ ಬೇಕಾದದ್ದು ಚುನ್ಯೋ. ಆಲೂಗಡ್ಡೆಯನ್ನು ರಾತ್ರಿಯ ಹಿಮಕ್ಕೆ ಬಿಟ್ಟು, ಹಗಲಲ್ಲಿ ಕಾಲಿನಿಂದ ತುಳಿದು ನೀರು ಹಿಂಡಿ, ಬಿಸಿಲಿಗೆ ಒಣಗಿಸಿದ್ದು. ವರ್ಷಗಟ್ಟಲೆ ಕೆಡುವುದಿಲ್ಲ. ಅಂಥದ್ದನ್ನು ತುಂಬಿಡಲು ದಾರಿಯುದ್ದಕ್ಕೂ ಕಣಜಗಳಿದ್ದವು. ವಾನುಕೊ ಪಂಪಾ ಅನ್ನುವ ಒಂದೇ ಊರಿನ ಗುಡ್ಡದ ಮೇಲೆ ಸುಮಾರು 500. ಸೈನ್ಯ ಹೋದಲ್ಲೆಲ್ಲ ಅನ್ನ ಕಾದಿತ್ತು. (ಅನ್ನ ಅಂದೆ. ನೋಡಿ, ನನ್ನ ಕೈಯೂ ಜಾರುತ್ತದೆ.)

ನನಗೆ ನಿಜವಾಗಿ ಚುಚ್ಚಿದ್ದು ಮುಂದಿನ ಸಾಲುಗಳು. “ಚಿಮು ರಾಜ್ಯವನ್ನು ಗೆದ್ದನು. ಬಳಿಕ ಕ್ವಿಟೊ ಗೆದ್ದನು. ದಕ್ಷಿಣಕ್ಕೆ ತಿರುಗಿ ಮೌಲೆ ನದಿಯವರೆಗೂ ಗೆದ್ದನು.” ಆರು ಪುಟದಲ್ಲಿ ಹದಿನೇಳು ‘ಗೆದ್ದನು’. ಪೆನ್ಸಿಲ್ ಹಿಡಿದು ಎಣಿಸಿದ್ದೇನೆ.

ಹೇಗೆ ಗೆದ್ದ? ಚಿಮು ಅಂದರೆ ಸಣ್ಣ ಪಾಳೆಯಪಟ್ಟಲ್ಲ. ಕರಾವಳಿಯ ದೊಡ್ಡ ರಾಜ್ಯ. ರಾಜಧಾನಿ ಚಾನ್ ಚಾನ್ ಪೂರಾ ಮಣ್ಣಿನ ಇಟ್ಟಿಗೆಯ ನಗರ. ಅಲ್ಲಿ ಮಳೆ ಬೀಳುವುದೇ ಅಪರೂಪ. ಬೆಟ್ಟದಿಂದ ಇಳಿಯುವ ಹೊಳೆಗೆ ಕಾಲುವೆ ತೋಡಿ ಬೆಳೆ ತೆಗೆಯುತ್ತಿದ್ದರು. ಇಂಕಾಗಳು ಮೊದಲು ಹಿಡಿದದ್ದು ಮೇಲಿನ ಬೆಟ್ಟಸೀಮೆಯ ಕಾಹಮಾರ್ಕವನ್ನು. ನೀರು ಎಲ್ಲಿಂದ ಬರುತ್ತದೋ ಆ ಕಡೆಯಿಂದ ಶತ್ರು ಇಳಿದರೆ ಕೆಳಗಿನ ರೈತನಿಗೆ ಏನನ್ನಿಸಿರಬೇಕು? ಸೋತ ರಾಜ ಮಿಂಚಾನ್ಸಾಮನ್‌ನನ್ನು ಇಂಕಾಗಳ ರಾಜಧಾನಿ ಕುಸ್ಕೊಗೆ ಕರೆದೊಯ್ದರು. ಚಿಮುವಿನ ಅಕ್ಕಸಾಲಿಗರನ್ನೂ ಕರೆದೊಯ್ದರು. ಇದೆಲ್ಲ ನಿಮ್ಮ ಒಂದು ‘ಗೆದ್ದನು’ವಿನ ಹೊಟ್ಟೆಯೊಳಗಿದೆ.

ಎಷ್ಟೋ ಕಡೆ ಯುದ್ಧವೇ ಆಗಲಿಲ್ಲ. ಮೊದಲು ದೂತರು ಹೋಗುತ್ತಿದ್ದರು, ಉಡುಗೊರೆಗೆ ನುಣುಪಾದ ಬಟ್ಟೆ ಹಿಡಿದು. ಬಂಗಾರಕ್ಕಿಂತ ಆ ನೇಯ್ಗೆಗೆ ಬೆಲೆ ಜಾಸ್ತಿ. ಒಪ್ಪಿದ ನಾಯಕ ಊರಿನ ಯಜಮಾನನಾಗಿಯೇ ಉಳಿಯುತ್ತಿದ್ದ. ಅವನ ಮಕ್ಕಳು ಮಾತ್ರ ಕುಸ್ಕೊಗೆ ‘ಕಲಿಯಲು’ ಹೋಗಬೇಕು. ಊರಿನ ದೇವರೂ ಮರ್ಯಾದೆಯಿಂದಲೇ ಕುಸ್ಕೊಗೆ ಹೋಗುತ್ತಿತ್ತು. ಮಕ್ಕಳು ಅಲ್ಲಿ, ದೇವರು ಅಲ್ಲಿ. ದಂಗೆ ಏಳುವುದು ಹೇಗೆ? ಎದ್ದರೆ ಊರಿಗೆ ಊರನ್ನೇ ಕಿತ್ತು ದೂರದ ಸೀಮೆಯಲ್ಲಿ ನೆಡುತ್ತಿದ್ದರು. ಅಂಥವರಿಗೆ ಮಿತ್ಮಾ ಅಂತ ಹೆಸರು.

ಇಷ್ಟೊಂದು ಕೂಗಾಡಲು ಕಾರಣ ಇದೆ. ನನ್ನ ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ಒಬ್ಬ ಪಾಳೆಯಗಾರನ ಮೇಲೆ ಲೇಖನ ಬರೆದು ಹಿರಿಯ ಉಪಸಂಪಾದಕರ ಮೇಜಿನ ಮೇಲಿಟ್ಟೆ. ಅವರು ಬೀಡಿ ಹಚ್ಚಿ ಪೂರ್ತಿ ಓದಿದರು. ಕೆಂಪು ಶಾಯಿಯಲ್ಲಿ ರಾಜನ ಹೆಸರಿದ್ದ ಕಡೆಯೆಲ್ಲ ಹೊಡೆದು ಹಾಕಿದರು. “ಈಗ ಯಾವ ರಾಜನ ಹೆಸರಾದ್ರೂ ಬರ್ಕೊ, ನಡೆಯುತ್ತೆ” ಅಂದರು. ಆಮೇಲೆ ಕೇಳಿದರು: “ಕೋಟೆ ಮುತ್ತಿಗೆ ಮೂರು ತಿಂಗಳು ಅಂತೀಯಲ್ಲ, ಹೊರಗಿದ್ದ ದಂಡು ಏನು ತಿಂತು?” ನನ್ನ ಹತ್ತಿರ ಉತ್ತರ ಇರಲಿಲ್ಲ. ಮಧ್ಯಾಹ್ನದ ಊಟಕ್ಕೂ ಏಳದೆ ಸುಮ್ನೆ ಕೂತಿದ್ದೆ. ನನ್ನ ದಂಡಿಗೂ ಬೇಕಾದಷ್ಟು ಧೂಳಿತ್ತು, ರಕ್ತದ ಹೊಳೆಯೂ ಇತ್ತು. ಆ ಲೇಖನ ಅಚ್ಚಾಗಲೇ ಇಲ್ಲ.

ನಿಮ್ಮ ಹಸ್ತಪ್ರತಿ ಇದರ ಜೊತೆ ವಾಪಸ್ ಬರುತ್ತಿದೆ. ಆರೂ ಪುಟ ತಿದ್ದಲು ಹೋಗಬೇಡಿ. ಚಾನ್ ಚಾನ್ ಒಂದನ್ನೇ ಹಿಡಿದು ಎರಡು ಪುಟ ಬರೆಯಿರಿ. ಕಾಲುವೆಯ ಕೊನೆಯಲ್ಲಿ ನಿಂತ ರೈತನಿಂದ ಶುರುವಾದರೆ ನಾನು ಖಂಡಿತ ಓದುತ್ತೇನೆ. ಅಂಚಿನಲ್ಲಿ ಎರಡು ಬೆರಳು ಜಾಗ ಬಿಡಿ, ನನ್ನ ಪೆನ್ಸಿಲ್‌ಗೆ.