ಪಾಚಿಯನ್ನೆಲ್ಲ ಇವೇ ತಿಂದರೆ ಮೀನಿಗೇನು ಉಳಿಯಿತು?

ಮಲ್ಪೆಯ ಓದುಗರೊಬ್ಬರು ಕೇಳಿದ್ದಾರೆ: "ಕಡಲ ಪಾಚಿಯನ್ನು ಸಣ್ಣ ಸಿಗಡಿಯಂಥ ಜೀವಿ ತಿನ್ನುತ್ತದೆ, ಅದನ್ನು ಮೀನು ತಿನ್ನುತ್ತದೆ ಅಂತ ಶಾಲೆಯಲ್ಲಿ ಓದಿದ್ದೆವು. ಪಾಚಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಕೋಶದ ಜೀವಿಗಳ ಪಾಲು ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಹಾಗಾದರೆ ಮೀನಿಗೇನು ಉಳಿಯಿತು? ರಾತ್ರಿ ಅಲೆಯಲ್ಲಿ ನೀಲಿಯಾಗಿ ಮಿನುಗುವುದೂ ಇವೇನಾ?"

ನಿಮ್ಮ ಬೂತಾಯಿ ಮೀನಿಗಂತೂ ಶಾಲೆಯಲ್ಲಿ ಓದಿದ್ದಕ್ಕಿಂತ ದಾರಿ ಗಿಡ್ಡ. ಮಳೆಗಾಲದಲ್ಲಿ ನಮ್ಮ ಕರಾವಳಿಯ ತಳದ ತಣ್ಣೀರು ಗೊಬ್ಬರದಂಥ ಲವಣಗಳನ್ನು ಹೊತ್ತು ಮೇಲೆ ಬರುತ್ತದೆ. ಡಯಾಟಮ್ ಎಂಬ ದೊಡ್ಡ ಪಾಚಿ ಹುಲುಸಾಗಿ ಬೆಳೆಯುತ್ತದೆ. ಬೂತಾಯಿ ಅದನ್ನು ನೇರವಾಗಿ ಸೋಸಿ ತಿನ್ನುತ್ತದೆ. ಆದರೆ ನಡುಗಡಲಿನ ಪಾಚಿ ಬಹುಪಾಲು ಎರಡು ಮೈಕ್ರಾನಿಗಿಂತ ಚಿಕ್ಕದು, ಅಂದರೆ ಮಿಲಿಮೀಟರಿನ ಐನೂರನೇ ಒಂದು ಪಾಲಿಗೂ ಕಡಿಮೆ. ಕೋಪೆಪಾಡ್ ಎಂಬ ಆ ಸಿಗಡಿಯ ಬಂಧುಗಳಿಗೆ ಅದನ್ನು ಹಿಡಿಯುವುದಕ್ಕೇ ಆಗದು. ಸಿಲಿಯೇಟ್, ಡೈನೋಫ್ಲಾಜೆಲೇಟ್‌ಗಳಂಥ ಏಕಕೋಶ ಜೀವಿಗಳು ಹಿಡಿಯುತ್ತವೆ. ಕೋಪೆಪಾಡ್ ಮೊಟ್ಟೆಯಿಂದ ದೊಡ್ಡದಾಗಲು ವಾರಗಳು ಬೇಕು. ಸಿಲಿಯೇಟ್‌ಗೆ ಊಟ ಸಿಕ್ಕರೆ ಒಂದೇ ದಿನದಲ್ಲಿ ಎರಡಾಗುತ್ತದೆ. ಪಾಚಿಯೂ ಅದೇ ವೇಗದಲ್ಲಿ ಹೆಚ್ಚುವುದರಿಂದ ಅದರ ಬೆನ್ನು ಹತ್ತಲು ಇವಕ್ಕೇ ಸಾಧ್ಯ.

ಬಹಳ ಕಾಲ ಈ ಏಕಕೋಶ ಜೀವಿಗಳು ಕಣ್ಣಿಗೆ ಬೀಳದೇ ಇದ್ದದ್ದು ಯಾಕೆ? ಪ್ಲಾಂಕ್ಟನ್, ಅಂದರೆ ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು ಹಿಡಿಯುವ ಬಲೆಯ ಕಣ್ಣು ಸಾಮಾನ್ಯವಾಗಿ 200 ಮೈಕ್ರಾನ್, ಇವು ಅದರಿಂದ ಜಾರಿಹೋಗುತ್ತಿದ್ದವು. ಬಲೆ ಬಿಟ್ಟು ಬಾಟಲಿಯಲ್ಲಿ ಹಿಡಿದು ಕೆಡದಿರಲೆಂದು ಫಾರ್ಮಾಲಿನ್ ಹಾಕಿದರೆ ಮೆತ್ತನೆಯ ಮೈಯವು ಎಷ್ಟೋ ಒಡೆದೇ ಹೋಗುತ್ತಿದ್ದವು.

ಎಷ್ಟು ತಿನ್ನುತ್ತವೆ ಅಂತ ಅಳೆಯಲು 1982ರಲ್ಲಿ ಲ್ಯಾಂಡ್ರಿ ಮತ್ತು ಹ್ಯಾಸೆಟ್ ಎಂಬ ವಿಜ್ಞಾನಿಗಳು ಒಂದು ಉಪಾಯ ಕಂಡುಕೊಂಡರು. ನನಗೆ ತುಂಬ ಇಷ್ಟವಾದ ಪ್ರಯೋಗ ಇದು. ಕೆಲವು ಬಾಟಲಿಗಳಲ್ಲಿ ಕಡಲ ನೀರು ಹಾಗೇ. ಉಳಿದವಕ್ಕೆ ಸೋಸಿದ ಕಡಲ ನೀರು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ತೆಳು ಮಾಡಬೇಕು. ತೆಳು ನೀರಿನಲ್ಲಿ ತಿನ್ನುವವನಿಗೆ ಪಾಚಿ ಎದುರಾಗುವುದೇ ಅಪರೂಪ, ಹಾಗಾಗಿ ಪಾಚಿ ಬೇಗ ಬೆಳೆಯುತ್ತದೆ. ಒಂದು ದಿನ ಬಿಟ್ಟು ಬಾಟಲಿಗಳನ್ನು ಹೋಲಿಸಿದರೆ ತಿಂದದ್ದರ ಲೆಕ್ಕ ಸಿಗುತ್ತದೆ. ಹೀಗೆ ಹಲವು ಕಡಲುಗಳಲ್ಲಿ ಅಳೆದದ್ದನ್ನು ಕಾಲ್ಬೆಟ್ ಮತ್ತು ಲ್ಯಾಂಡ್ರಿ 2004ರಲ್ಲಿ ಒಟ್ಟುಮಾಡಿದರು. ಪಾಚಿಯ ದಿನದ ಬೆಳೆಯಲ್ಲಿ ಸರಾಸರಿ ಶೇ 60ರಿಂದ 75 ಈ ಏಕಕೋಶ ಜೀವಿಗಳ ಪಾಲು.

ಇನ್ನು ಮೀನಿನ ಪಾಲು. ಪ್ರತಿ ಮೆಟ್ಟಿಲಲ್ಲೂ ತಿಂದದ್ದರಲ್ಲಿ ಬಹಳಷ್ಟು ಉಸಿರಾಟಕ್ಕೇ ಖರ್ಚು, ಆದ್ದರಿಂದ ನಡುವೆ ಒಂದು ಮೆಟ್ಟಿಲು ಜಾಸ್ತಿಯಾದರೆ ಮೀನಿಗೆ ನಷ್ಟ ನಿಜವೇ. ಆದರೆ ಕೋಪೆಪಾಡ್ ಸಿಲಿಯೇಟ್‌ಗಳನ್ನು ಇಷ್ಟಪಟ್ಟು ತಿನ್ನುತ್ತದೆ. ಕೈಗೆ ಎಟುಕದ ಪಾಚಿ ಹೀಗೆ ಎಟುಕುವ ತುತ್ತಾಗುತ್ತದೆ. ಇವು ಹೊರಹಾಕುವ ಅಮೋನಿಯ ಮತ್ತೆ ಪಾಚಿಗೆ ಗೊಬ್ಬರ.

ಅರಬ್ಬೀ ಸಮುದ್ರದಲ್ಲೇ ಇದಕ್ಕೆ ಉದಾಹರಣೆ ಇದೆ. ಮುಂಗಾರಿಗೆ ಮುಂಚೆ ಪಾಚಿ ಕಡಿಮೆಯಾದರೂ ಕೋಪೆಪಾಡ್‌ನಂಥ ಪ್ಲಾಂಕ್ಟನ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ವಿಜ್ಞಾನಿ ಮಧುಪ್ರತಾಪ್ ಮತ್ತು ಸಂಗಡಿಗರು ಇದನ್ನು 1996ರಲ್ಲಿ ಪ್ರಕಟಿಸಿದರು. ಬ್ಯಾಕ್ಟೀರಿಯ, ಅದನ್ನು ತಿನ್ನುವ ಏಕಕೋಶಿ, ಅದನ್ನು ತಿನ್ನುವ ಕೋಪೆಪಾಡ್, ಈ ದಾರಿಯೇ ಬಡ ತಿಂಗಳುಗಳಲ್ಲಿ ಅವನ್ನು ಸಾಕುತ್ತದೆ ಎಂಬುದು ಅವರ ವಿವರಣೆ.

ನೀಲಿ ಬೆಳಕು ಹೆಚ್ಚಾಗಿ ನಾಕ್ಟಿಲೂಕದ್ದು. ಅದೂ ಒಂದೇ ಕೋಶದ ಡೈನೋಫ್ಲಾಜೆಲೇಟ್, ಆದರೆ ಬರಿಗಣ್ಣಿಗೆ ಕಾಣುವಷ್ಟು ದೊಡ್ಡದು. ಪಾಚಿಯಷ್ಟೇ ಅಲ್ಲ, ಸಿಕ್ಕರೆ ಮೀನಿನ ಮೊಟ್ಟೆಯನ್ನೂ ಬಿಡುವುದಿಲ್ಲ.